ನಷ್ಟದ ಶಾಖೆಯಲ್ಲಿ ಲಾಭ ಹುಡುಕಿದ್ದು

ದಾವಣಗೆರೆಯ ಎಪಿಎಂಸಿ ಸುತ್ತಮುತ್ತಲಿನ ವ್ಯವಹಾರವನ್ನೇ ನಂಬಿದ್ದ ಬ್ಯಾಂಕ್ ಶಾಖೆಗೆ ನಾನು ವ್ಯವಸ್ಥಾಪಕನಾಗಿ ಬಂದಾಗ ಅದು ನಷ್ಟದಲ್ಲಿತ್ತು. ಸಾಲ ಹೆಚ್ಚಿಸಿ ಎಂಬುದು ಮೇಲಿನವರ ಸಲಹೆ. ನಾನು ಮೊದಲು ತೆಗೆಸಿ ನೋಡಿದ್ದು ಠೇವಣಿಯ ಪಟ್ಟಿ. ಬಹುಪಾಲು ಅವಧಿ ಠೇವಣಿ. ದುಬಾರಿ ಬಡ್ಡಿಗೆ ತಂದ ಹಣವನ್ನು ಎಷ್ಟು ಸಾಲ ಕೊಟ್ಟರೂ ಉಳಿಯುವುದು ಅಷ್ಟಕ್ಕಷ್ಟೆ.

ಚಾಲ್ತಿ ಖಾತೆಯ ಹಣಕ್ಕೆ ಬ್ಯಾಂಕ್ ಬಡ್ಡಿ ಕೊಡುವುದಿಲ್ಲ. ಹಾಗಾಗಿ ದಲಾಲಿ ಅಂಗಡಿಗಳಿಗೆ ಹೋದೆ. ‘ಬಡ್ಡಿ ಯಾರು ಕೇಳಿದರು ಸಾರ್, ಸುಗ್ಗಿಯಲ್ಲಿ ಕಾಯಿಸಬೇಡಿ’ ಎಂದರು ಒಬ್ಬ ವರ್ತಕರು. ಮೆಕ್ಕೆಜೋಳ ಬರುವ ತಿಂಗಳುಗಳಲ್ಲಿ ಒಂದು ಕೌಂಟರನ್ನು ಅವರಿಗೆಂದೇ ಬಿಟ್ಟೆ. ಖಾತೆಗಳು ತಾವಾಗಿ ಬಂದವು.

ಎರಡನೆಯದು ವಸೂಲಿ. ಇಲ್ಲಿನ ಲೆಕ್ಕ ಕ್ರೂರ. ಕಂತು 90 ದಿನ ದಾಟಿತೆಂದರೆ ಸಾಲ ಎನ್‌ಪಿಎ, ಅಂದರೆ ಆದಾಯ ತಾರದ ಕೆಟ್ಟ ಸಾಲ. ಬೆಳೆ ಸಾಲಕ್ಕೆ ಮಾತ್ರ ಬೆಳೆಯ ಹಂಗಾಮಿನ ಲೆಕ್ಕ. ಭದ್ರತೆಯಿರುವ ಒಂದು ಕೋಟಿಯ ಸಾಲ ಹಾಗಾದರೆ ಮೊದಲ ಹಂತದಲ್ಲೇ ಶೇ 15, ಅಂದರೆ 15 ಲಕ್ಷ ರೂಪಾಯಿಯನ್ನು ಲಾಭದಿಂದ ತೆಗೆದಿಡಬೇಕು. ಸಾಲದ ಬಡ್ಡಿಗೂ ಠೇವಣಿಯ ಬಡ್ಡಿಗೂ ಶೇ 3ರ ಅಂತರವಿದ್ದರೆ ಆ ಸಾಲ ವರ್ಷಕ್ಕೆ ದುಡಿಯುವುದು 3 ಲಕ್ಷ. ಐದು ವರ್ಷದ ದುಡಿಮೆ ಒಂದೇ ತ್ರೈಮಾಸಿಕದಲ್ಲಿ ಹೋಯಿತು! ಬಾರದ ಬಡ್ಡಿಯನ್ನು ಆದಾಯವೆಂದು ತೋರಿಸುವಂತೆಯೂ ಇಲ್ಲ. ಅದಕ್ಕೇ 30 ದಿನ ತಡವಾದವರ ಪಟ್ಟಿ ಹಿಡಿದೇ ಹೊರಡುತ್ತಿದ್ದೆ. 60 ದಾಟಿದ ಮೇಲೆ ಸಾಲಗಾರ ಫೋನ್ ಎತ್ತುವುದು ಅಪರೂಪ. ಅಕ್ಕಿ ಗಿರಣಿಗಳ ವಿಷಯದಲ್ಲಿ ದಾಸ್ತಾನು ಪಟ್ಟಿಗಿಂತ ಬೆಸ್ಕಾಂ ಬಿಲ್ಲನ್ನೇ ಹೆಚ್ಚು ನಂಬಿದೆ. ಪಟ್ಟಿಯಲ್ಲಿ ಭತ್ತ ತುಂಬಿರಬಹುದು, ಯಂತ್ರ ಓಡದಿದ್ದರೆ ಬಿಲ್ಲು ಏರುವುದಿಲ್ಲ.

ಸಿಬ್ಬಂದಿ ಸಂಬಳ, ಬಾಡಿಗೆ ನನ್ನ ಕೈಯಲ್ಲಿರಲಿಲ್ಲ. ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲಕ್ಕೆ ಹಾಕುವ ಬಡ್ಡಿ, ಅಂದರೆ ರೆಪೊ ದರವೂ ಅಷ್ಟೇ. 2019ರ ಅಕ್ಟೋಬರ್‌ನಿಂದ ಮನೆ ಸಾಲ, ಸಣ್ಣ ಉದ್ದಿಮೆಗಳ ಸಾಲದ ಹೊಸ ಚರ (ಏರಿಳಿಯುವ) ಬಡ್ಡಿಯನ್ನು ಬ್ಯಾಂಕಿನ ಹೊರಗಿನ ಮಾನದಂಡಕ್ಕೆ ಜೋಡಿಸಬೇಕಾಯಿತು. ಹೆಚ್ಚಿನ ಬ್ಯಾಂಕುಗಳು ರೆಪೊವನ್ನೇ ಆರಿಸಿಕೊಂಡವು. 2025ರ ಫೆಬ್ರುವರಿಯಿಂದ ಜೂನ್‌ವರೆಗೆ ಅದು ಶೇ 6.5ರಿಂದ 5.5ಕ್ಕೆ ಇಳಿದಾಗ ಸಾಲದ ಬಡ್ಡಿ ಬೇಗನೆ ಇಳಿಯಿತು, ಹಳೆಯ ಠೇವಣಿಗೆ ಮಾತ್ರ ಒಪ್ಪಿದ್ದಷ್ಟನ್ನೂ ಕೊಡಬೇಕಾಗಿತ್ತು. ಆಗ ಕೈ ಹಿಡಿದದ್ದು ಒಡವೆ ಸಾಲ: ನಿಶ್ಚಿತ ಬಡ್ಡಿ, ಅಡಮಾನ ನಮ್ಮ ತಿಜೋರಿಯಲ್ಲಿ. ಮೆಕ್ಕೆಜೋಳ ಮಾರಿ ಬಿಡಿಸಿಕೊಂಡ ಸರವನ್ನೇ ಬೀಜ, ಗೊಬ್ಬರದ ಹೊತ್ತಿಗೆ ಮತ್ತೆ ತರುತ್ತಿದ್ದರು. ನಮ್ಮ ಚಿನ್ನ ಪರೀಕ್ಷಕರಿಗೆ ಕೆಲವು ಸರಗಳ ತೂಕ ಬಾಯಿಪಾಠವಾಗಿತ್ತು.