ಕ್ಯಾಂಪರ್ ಗಾಡಿಗೆ ಸ್ಯಾಟಲೈಟ್ ರೇಡಿಯೋ ಹಾಕ್ಸೋರು ಒಮ್ಮೆ ಓದ್ರಿ

ಟೆಂಪೋ ಟ್ರಾವೆಲರ್‌ನ್ಯಾಗ ಮಲಗೂ ವ್ಯವಸ್ಥೆ ಮಾಡ್ಕೊಂಡು ತಿರುಗೋ ಅಣ್ಣಾರ, ಯಾರರ ಅಮೆರಿಕಾದಿಂದ ಸಿರಿಯಸ್ ಎಕ್ಸ್‌ಎಂ ಅನ್ನೋ ಸ್ಯಾಟಲೈಟ್ ರೇಡಿಯೋ ಸೆಟ್ ತರಸಾಕತ್ತಿದ್ರ ದಯವಿಟ್ಟು ಬ್ಯಾಡ್ರಿ, ಅದರ ಸಿಗ್ನಲ್ ಉತ್ತರ ಅಮೆರಿಕಾಕ್ಕಷ್ಟ, ನಮ್ಮಲ್ಲಿದ್ದ ವರ್ಲ್ಡ್‌ಸ್ಪೇಸ್ ಅನ್ನೋ ಸ್ಯಾಟಲೈಟ್ ರೇಡಿಯೋನೂ 2009ರ ಕಡೀಕ ಬಂದ್ ಆತು. ಅದರ ಬದ್ಲಿ ಎಎಂ (ಮೀಡಿಯಂ ವೇವ್) ಇರೋ ಸೆಟ್ ಹಾಕಸ್ರಿ, ಈಗಿನ ಭಾಳ ಸೆಟ್‌ನ್ಯಾಗ ಬರೇ ಎಫ್‌ಎಂ ಇರ್ತೈತಿ, ಕೇಳಿ ತಗೋರಿ. ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್, ಹಾವೇರಿ ಕಡೆ ಹೋದ್ರೂ ಬಿಡೂದಿಲ್ಲ.

ಎಲ್ಲಾ ಇರೂದು ಆಂಟೆನಾದಾಗ ನೋಡ್ರಿ. ಅದರ ಬುಡ ಕೂಡ್ರೂ ಜಾಗಾದಾಗ ಪೇಂಟ್ ಕೆರದು ಬರೀ ತಗಡಿಗೆ ತಾಗಸ್ರಿ, ಆಮ್ಯಾಲೆ ಸುತ್ತ ಸಿಲಿಕಾನ್ ಬಡೀರಿ, ಇಲ್ಲಾಂದ್ರ ಮಳಿಗಾಲಕ್ಕ ನೀರು ಹಾಸಿಗಿ ಮ್ಯಾಲೇ.

ನಮ್ಮ ಗಾಡ್ಯಾಗ ರೇಡಿಯೋ ಗದಗ ರೋಡ್ ತುಂಬಾ ಬರೇ ಗರ್ರ್ ಅಂತಿತ್ತು, ಅಣ್ಣಿಗೇರಿ ಹತ್ರ ನಿಲ್ಲಿಸಿ ಎಲ್ಲಾ ವೈರ್ ಬಿಚ್ಚಿ ನೋಡಿದ್ವಿ, ಕಡೀಕ ಮೊಬೈಲ್ ಚಾರ್ಜರ್ ಕಿತ್ತ ಕೂಡ್ಲೇ ಕೃಷಿರಂಗ ಕಾರ್ಯಕ್ರಮ ಸ್ವಚ್ಛ ಕೇಳ್ತು! ಇನ್ವರ್ಟರ್, ಸೋಲಾರ್ ಕಂಟ್ರೋಲರ್‌ನೂ ಆಂಟೆನಾ ವೈರಿನಿಂದ ದೂರ ಇಡ್ರಿ.

ರೇಡಿಯೋಕ್ಕ ಕರೆಂಟ್ ಮಾತ್ರ ಒಳಗಿನ ಎರಡನೇ ಬ್ಯಾಟರಿಯಿಂದ, ನಡುವ ಫ್ಯೂಜ್ ಹಾಕಿ ಕೊಡ್ರಿ, ರಾತ್ರಿಯೆಲ್ಲಾ ಹಚ್ಚಿದ್ರೂ ಮುಂಜಾನೆ ಗಾಡಿ ಒಂದ ಸೆಲ್ಫ್‌ಗೆ ಚಾಲೂ ಆಗ್ತೈತಿ.