ಹತ್ತಿರದಲ್ಲೇ ದೊಡ್ಡ ಗೋದಾಮು ಬಂದಿದೆಯಾ? ಕೆಲಸಕ್ಕೆ ಸೇರುವ ಮುಂಚೆ ಇಷ್ಟು ನೋಡಿ

ಹೊಸಕೋಟೆ, ಮಾಲೂರು, ನೆಲಮಂಗಲ, ದಾಬಸ್‌ಪೇಟೆ ಕಡೆ ಗೋದಾಮುಗಳು ಏಳುತ್ತಲೇ ಇವೆ. ಡಿಮಾರ್ಟ್ ತರಹದ ಕಡಿಮೆ ರೇಟಿನ ಅಂಗಡಿಯಾಗಲಿ, ಆನ್‌ಲೈನ್ ಕಂಪನಿಯಾಗಲಿ, ಹೊಸ ಡಿಸ್ಟ್ರಿಬ್ಯೂಷನ್ ಸೆಂಟರ್ ಅಂದ ಕೂಡಲೇ ಇಷ್ಟು ಸಾವಿರ ಕೆಲಸ ಅಂತ ಸುದ್ದಿ ಬರುತ್ತದೆ. ಆ ಲೆಕ್ಕದಲ್ಲಿ ಲಾರಿ ಡ್ರೈವರ್, ಸೆಕ್ಯುರಿಟಿ, ಕ್ಯಾಂಟೀನಿನವರೂ ಸೇರಿರಬಹುದು.

ಸಂಬಳ ಎಷ್ಟು ಅಂತ ಕೇಳುವ ಮುಂಚೆ, ಕೊಡುವವರು ಯಾರು ಅಂತ ಕೇಳಿ. ಗೇಟಿನ ಮೇಲೆ ಕಂಪನಿಯ ಬೋರ್ಡು ಇರುತ್ತದೆ, ಆದರೆ ಪಿಕ್ಕಿಂಗ್ (ಆರ್ಡರಿನ ಮಾಲು ಆರಿಸಿ ತೆಗೆಯುವುದು), ಪ್ಯಾಕಿಂಗ್, ಲೋಡಿಂಗ್ ಮಾಡುವ ಎಷ್ಟೋ ಜನ ಕಂಟ್ರಾಕ್ಟರ್ ಕೈಕೆಳಗೆ ಇರುತ್ತಾರೆ. ಹಾಗಿದ್ದರೆ ಆ ಏಜೆನ್ಸಿಯ ಹೆಸರು ಇರುವ ಆಫರ್ ಲೆಟರ್ ಕೈಗೆ ಬರಲಿ, ಬಾಯಿಮಾತು ಬೇಡ. ಕಂಟ್ರಾಕ್ಟರ್ ಸಂಬಳ ಕೊಡದೆ ಕೈಎತ್ತಿದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು ಅಂತ ಕಾನೂನಿದೆ, ಆದರೆ ಅಲ್ಲಿ ದುಡಿದಿದ್ದಕ್ಕೆ ನಿಮ್ಮ ಹತ್ತಿರ ಕಾಗದ ಬೇಕಲ್ವಾ?

ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಇಟ್ಟುಕೊಳ್ಳಿ. ಮೊದಲು ಬೇರೆ ಕಡೆ ಪಿಎಫ್ (ಭವಿಷ್ಯ ನಿಧಿ) ಇದ್ದರೆ ಹಳೆಯ ಯುಎಎನ್ ನಂಬರನ್ನೇ ಕೊಡಿ, ಕೆಲಸ ಬದಲಾದರೂ ಪಿಎಫ್‌ಗೆ ಅದೇ ನಂಬರ್. ರಿಜಿಸ್ಟ್ರೇಷನ್‌ಗೆ, ಯೂನಿಫಾರ್ಮ್‌ಗೆ ಮೊದಲೇ ದುಡ್ಡು ಹಾಕಿ ಅಂತ ಫೋನಿನಲ್ಲಿ ಹೇಳಿದರೆ ಅಲ್ಲಿಗೇ ಬಿಡಿ. ಆಗಲೇ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸಂಬಳದ ಮಾತು ಬಂದಾಗ ಕೈಗೆ ಎಷ್ಟು ಸಿಗುತ್ತದೆ ಅಂತ ಬಿಡಿಸಿ ಕೇಳಿ. ಪಿಎಫ್‌ಗೆ ಬೇಸಿಕ್‌ನ (ಮೂಲ ಸಂಬಳದ) 12% ಹೋಗುತ್ತದೆ, ಕೆಲಸ ಕೊಟ್ಟವರೂ ಅಷ್ಟೇ ಹಾಕಬೇಕು. ಇಎಸ್‌ಐಗೆ (ಕಾರ್ಮಿಕರ ಆರೋಗ್ಯ ವಿಮೆಗೆ) ನಿಮ್ಮಿಂದ 0.75%, ಅವರಿಂದ 3.25%. ಕೆಲವರು ಎರಡೂ ಪಾಲನ್ನು ಸೇರಿಸಿ ದೊಡ್ಡ ಮೊತ್ತ ಹೇಳಿಬಿಡುತ್ತಾರೆ, ಕೇಳಲು ಚೆನ್ನಾಗಿರುತ್ತದೆ ಅಷ್ಟೇ. ಸೇರಿದ ಮೇಲೆ ಸರ್ಕಾರದ ಉಮಂಗ್ ಆಪ್‌ನಲ್ಲಿ ಪಿಎಫ್ ಪಾಸ್‌ಬುಕ್ ಆಗಾಗ ತೆಗೆದು ನೋಡಿ, ಸಂಬಳದ ಸ್ಲಿಪ್ಪಿನಲ್ಲಿ ಹಿಡಿದ ದುಡ್ಡು ಅಲ್ಲಿಗೆ ಬಂದಿದೆಯಾ ಅಂತ.

ಇಂಟರ್‌ವ್ಯೂ ಸಾಮಾನ್ಯವಾಗಿ ಸುಲಭ, ಕಷ್ಟ ಇರುವುದು ಕೆಲಸದಲ್ಲಿ. ಅಗ್ಗಕ್ಕೆ ಮಾರುವ ಅಂಗಡಿಗೆ ಒಂದೊಂದು ವಸ್ತುವಿನಲ್ಲಿ ಸಿಗುವ ಲಾಭ ಕಡಿಮೆ, ಹಾಗಾಗಿ ಮಾಲು ಒಂದು ಕಡೆ ನಿಲ್ಲದೆ ಓಡುತ್ತಿರಬೇಕು, ಆ ಓಟವೇ ನಿಮ್ಮ ಕೈಯಲ್ಲಿರುವ ಬಾರ್‌ಕೋಡ್ ಸ್ಕ್ಯಾನರ್‌ನಲ್ಲಿ ಟಾರ್ಗೆಟ್ ಆಗಿ ಬರುತ್ತದೆ. ಇಡೀ ಶಿಫ್ಟ್ ನಿಂತೇ ಇರಬೇಕು. ರಾತ್ರಿ ಪಾಳಿಗೆ ಗಾಡಿ ಎಲ್ಲಿಂದ ಹತ್ತಿಸುತ್ತಾರೆ, ಓವರ್‌ಟೈಮ್‌ಗೆ ಡಬಲ್ ಕೊಡುತ್ತಾರಾ ಅಂತ ಅಲ್ಲಿ ಈಗಾಗಲೇ ಕೆಲಸ ಮಾಡುವವರನ್ನು ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ವಿಚಾರಿಸಿ. ಎಚ್‌ಆರ್‌ಗಿಂತ ಅವರೇ ಸರಿಯಾಗಿ ಹೇಳುತ್ತಾರೆ.

ದಸರಾ ಹತ್ತಿರ ಬಂದಾಗ ಸೇರಿಸಿಕೊಂಡರೆ, ದೀಪಾವಳಿ ಆದ ಮೇಲೂ ಕೆಲಸ ಇರುತ್ತದಾ ಅಂತ ನೇರವಾಗಿ ಕೇಳಿ, ಲೆಟರ್‌ನಲ್ಲಿ ಕೊನೆಯ ತಾರೀಕು ಬರೆದಿದೆಯಾ ನೋಡಿ.