ಗುರು–ಶನಿ ಕೂಡುವ ಸಂಜೆ: ನೋಡುವುದು ಹೇಗೆ?

ಇದು 2020ರ ಡಿಸೆಂಬರ್ ಮಧ್ಯದಲ್ಲಿ ಬರೆದದ್ದು. ಕೆಲವು ವಾರಗಳಿಂದ ಸಂಜೆಯ ನೈಋತ್ಯ ಆಕಾಶದಲ್ಲಿ ಎರಡು ಚುಕ್ಕಿಗಳು ಹತ್ತಿರವಾಗುತ್ತಿವೆ. ಹೊಳೆಯುವುದು ಗುರು, ಮಂಕಾಗಿರುವುದು ಶನಿ. ಶುಕ್ರ ಈಗ ಬೆಳಗಿನ ಜಾವದವನು, ಗೊಂದಲ ಬೇಡ. ಡಿಸೆಂಬರ್ 21, 2020ರ ಸೋಮವಾರ, ವರ್ಷದ ಅತಿ ದೀರ್ಘ ರಾತ್ರಿಯಂದೇ, ಇವೆರಡರ ನಡುವಿನ ಅಂತರ ಹುಣ್ಣಿಮೆ ಚಂದ್ರನ ಅಗಲದ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. 20 ವರ್ಷಕ್ಕೊಮ್ಮೆ ಗುರು–ಶನಿ ಯುತಿ, ಅಂದರೆ ಆಕಾಶದಲ್ಲಿ ಹೀಗೆ ಕೂಡಿದಂತೆ ಕಾಣುವುದು, ಮಾಮೂಲು. ಇಷ್ಟು ಹತ್ತಿರ ಬಂದದ್ದು 1623ರಲ್ಲಿ, ಆಗ ಸೂರ್ಯನ ಪ್ರಭೆಯಲ್ಲಿ ಕಾಣುವುದೇ ಕಷ್ಟವಿತ್ತು. ಕಣ್ಣಿಗೆ ಸಲೀಸಾಗಿ ಸಿಗುವಂತೆ ಬಂದದ್ದು 1226ರಲ್ಲಿ, ಹೊಯ್ಸಳರ ಇಮ್ಮಡಿ ನರಸಿಂಹನ ಕಾಲ!

ಮೊದಲು ಜಾಗ ಗೊತ್ತುಮಾಡಿಕೊಳ್ಳಿ. ನೈಋತ್ಯದಲ್ಲಿ ಕಟ್ಟಡ, ತೆಂಗಿನ ಮರ ಅಡ್ಡ ಇರಬಾರದು. ತಾರಸಿ ಅಥವಾ ಕೆರೆ ಏರಿ ಸಾಕು. ಇವತ್ತೇ ಹೋಗಿ ನೋಡಿಬನ್ನಿ, ಸೋಮವಾರ ಹುಡುಕಾಡುತ್ತ ನಿಂತರೆ ಗ್ರಹಗಳು ಮುಳುಗಿರುತ್ತವೆ. 17ರ ಗುರುವಾರ ಎಳೆಯ ಚಂದ್ರನೂ ಪಕ್ಕಕ್ಕೇ ಬರುತ್ತಾನೆ, ಗುರುತಿಗೆ ಅನುಕೂಲ.

ಬೆಂಗಳೂರಿನಲ್ಲಿ ಸೂರ್ಯಾಸ್ತ ಹೆಚ್ಚುಕಡಿಮೆ 6 ಗಂಟೆಗೆ. ಆರೂವರೆಗೆ ಹೊರಬನ್ನಿ. ಸೂರ್ಯ ಮುಳುಗಿದ ಕಡೆಗೆ ಕೈ ಚಾಚಿ, ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ದಿಗಂತದಿಂದ ಎರಡು ಎಣಿಸಿ. ಅಲ್ಲೇ ಇರುತ್ತವೆ. ಏಳೂವರೆಗೆ ಒಂದೇ ಮುಷ್ಟಿ ಎತ್ತರ, ಧೂಳು ಮಂಜಿನಲ್ಲಿ ಆಮೇಲೆ ಕಾಣುವುದು ಅನುಮಾನ.

ಬರಿಗಣ್ಣಿಗೆ ಎರಡೂ ಬೇರೆಯಾಗಿ ಕಾಣುತ್ತವೆಯೇ? ಮದುವೆಯಲ್ಲಿ ತೋರಿಸುವ ಅರುಂಧತಿಯನ್ನು ನೆನಪಿಸಿಕೊಳ್ಳಿ. ಸಪ್ತರ್ಷಿ ಮಂಡಲದ ವಸಿಷ್ಠ ನಕ್ಷತ್ರಕ್ಕೂ ಅವಳಿಗೂ ಇರುವ ಅಂತರದ ಅರ್ಧದಷ್ಟು ಇಲ್ಲಿರುತ್ತದೆ. ಸಾಲದ್ದಕ್ಕೆ ಗುರುವಿನ ಬೆಳಕು ಶನಿಯದರ ಹತ್ತು ಪಟ್ಟಿಗೂ ಹೆಚ್ಚು. ಹಗಲಲ್ಲಿ ಪುರೋಹಿತರು ಬೆರಳು ತೋರಿದ ಕಡೆ ಕಂಡವರಂತೆ ತಲೆಯಾಡಿಸಿದ್ದೇವಲ್ಲ, ಈಗ ಬೆಳಗಿನ ಐದಕ್ಕೆ ಎದ್ದು ಉತ್ತರದಲ್ಲಿ ಸಪ್ತರ್ಷಿಗಳನ್ನು ನಿಜವಾಗಿ ನೋಡಿ. ಅರುಂಧತಿ ಸುಲಭವಾಗಿ ಕಂಡರೆ ಸೋಮವಾರ ಗುರುವಿನ ಬಲಕ್ಕೆ ಅಂಟಿಕೊಂಡ ಶನಿಯೂ ಕಂಡಾನು. ಕನ್ನಡಕ ಇದ್ದವರು ಹಾಕಿಕೊಂಡೇ ನೋಡಿ.

ಬೈನಾಕ್ಯುಲರ್ ಇದ್ದರೆ ಕೈ ನಡುಗದಂತೆ ಮೊಣಕೈಯನ್ನು ಪ್ಯಾರಪೆಟ್ ಮೇಲೆ ಊರಿ. ಗುರುವಿನ ಅಕ್ಕಪಕ್ಕ ಸೂಜಿಮೊನೆಯಷ್ಟು ಬೆಳಕಿನ ಕಣಗಳು ಸಾಲಾಗಿ ಕಂಡರೆ ಅವು ಅವನ ಉಪಗ್ರಹಗಳು. ಶನಿಯ ಬಳೆಗೆ ಟೆಲಿಸ್ಕೋಪೇ ಬೇಕು. ಅದರಲ್ಲಿ ಎರಡೂ ಗ್ರಹಗಳು ಒಂದೇ ನೋಟಕ್ಕೆ ಸಿಗುತ್ತವೆ. ಸೂರ್ಯ ಪೂರ್ತಿ ಮುಳುಗುವ ಮುನ್ನ ಯಾವ ಮಸೂರವನ್ನೂ ಆ ಕಡೆ ತಿರುಗಿಸಬೇಡಿ, ಕಣ್ಣೇ ಹೋದೀತು. ಮೊಬೈಲ್ ಫೋಟೊ ಬೇಕೆಂದರೆ ಫೋನನ್ನು ಅಲುಗಾಡದಂತೆ ಆನಿಸಿ ಟೈಮರ್ ಹಾಕಿ.

ಅಂದಹಾಗೆ, ಈ ಕೂಟ ನಮ್ಮ ಕಣ್ಣಿನ ಲೆಕ್ಕದ್ದು ಮಾತ್ರ. ಗುರುವಿನಿಂದ ಆಚೆಗೆ ಶನಿ 70 ಕೋಟಿ ಕಿಲೋಮೀಟರಿಗೂ ದೂರ.

ಸೋಮವಾರ ಮೋಡ ಕವಿದರೆ ಮಂಗಳವಾರವೂ ಹೋಗಿ. ಅಂತರ ತುಸು ಹೆಚ್ಚಿರುತ್ತದೆ ಅಷ್ಟೆ, ಅಷ್ಟರಲ್ಲಿ ಗುರು ಶನಿಯನ್ನು ದಾಟಿರುತ್ತಾನೆ.